ಫಿರಂಗಿ ಕೋಟೆಯಿಂದ ಪಾರ್ಕಿನವರೆಗೆ: ನ್ಯೂಯಾರ್ಕಿನ ಕ್ಯಾಸಲ್ ಕ್ಲಿಂಟನ್ ಕಥೆ

ನ್ಯೂಯಾರ್ಕಿಗೆ ಹೋದವರು ಲಿಬರ್ಟಿ ಪ್ರತಿಮೆ ನೋಡದೆ ವಾಪಸ್ ಬರುವುದು ಕಡಿಮೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪಟ್ಟಿಯಲ್ಲೂ ಅದು ಮೊದಲೇ ಇರುತ್ತದೆ. ಪ್ರತಿಮೆ ಇರುವುದು ದ್ವೀಪದಲ್ಲಿ. ಅಲ್ಲಿಗೆ ಫೆರ್ರಿ ಹತ್ತಿ ಹೋಗಬೇಕು. ನ್ಯೂಯಾರ್ಕ್ ದಡದಿಂದ ಹೊರಡುವ ಫೆರ್ರಿಗೆ ಟಿಕೆಟ್ ಕೊಡುವ ಜಾಗ ಮ್ಯಾನ್‌ಹಟನ್‌ನ ದಕ್ಷಿಣ ತುದಿಯ ಪಾರ್ಕಿನಲ್ಲಿದೆ, ಕೆಂಪು ಕಲ್ಲಿನ ದುಂಡನೆಯ ಗೋಡೆಯೊಂದರ ಒಳಗೆ. ಜನ ಒಳಗೆ ಹೋಗುತ್ತಾರೆ, ಟಿಕೆಟ್ ತಗೊಳ್ಳುತ್ತಾರೆ, ಹೊರಗೆ ಬಂದು ಸಾಲು ಹಿಡಿಯುತ್ತಾರೆ. ಆ ಗೋಡೆ ಯಾವುದರದ್ದು ಎಂದು ತಿರುಗಿ ನೋಡುವವರು ಕಡಿಮೆ.

ಅದು ಕ್ಯಾಸಲ್ ಕ್ಲಿಂಟನ್ ಎಂಬ ಕೋಟೆ. 1811ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಸುತ್ತ ಇರುವ ಸುಮಾರು 25 ಎಕರೆ ಪಾರ್ಕಿನ ಹೆಸರು ಬ್ಯಾಟರಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿ 2026ಕ್ಕೆ 250 ವರ್ಷ. ಆ ನೆಪದಲ್ಲಿ ಅಲ್ಲಿನ ಹಳೆಯ ಜಾಗಗಳ ಬಗ್ಗೆ ಮಾತು ಜಾಸ್ತಿಯಾಗಿದೆ. ಅದರ ಜೊತೆಗೆ ಏರುತ್ತಿರುವ ಸಮುದ್ರದಿಂದ ಈ ಪಾರ್ಕನ್ನು ಉಳಿಸುವ ದೊಡ್ಡ ಕೆಲಸವೂ ಶುರುವಾಗಿದೆ. ಹಾಗಾಗಿ ಈ ಕೋಟೆಯ ಕಥೆಯನ್ನು ಮೊದಲಿನಿಂದ ತಿಳಿದುಕೊಳ್ಳಲು ಇದು ಒಳ್ಳೆಯ ಹೊತ್ತು.

ಓದುವಾಗ ಮೂರು ಸಂಗತಿ ನೆನಪಿನಲ್ಲಿಟ್ಟುಕೊಳ್ಳಿ. ಕೋಟೆಯ ಒಳಗೆ ದುಂಡನೆಯ ದೊಡ್ಡ ಬಯಲಿತ್ತು. ಊರಿನ ಕಡೆಗೆ ಒಂದೇ ಬಾಗಿಲಿತ್ತು. ಸುತ್ತಲೂ ನೀರಿತ್ತು. ಶತ್ರುವನ್ನು ತಡೆಯಲು ಮಾಡಿಕೊಂಡ ಈ ಏರ್ಪಾಡೇ ಮುಂದೆ ಅದಕ್ಕೆ ಒಂದಾದ ಮೇಲೊಂದು ಹೊಸ ಕೆಲಸ ಕೊಡಿಸುತ್ತ ಹೋಯಿತು.

ಕೋಟೆಗಿಂತ ಮೊದಲೇ ಇದ್ದ ವಿಹಾರ ಸ್ಥಳ

ಮ್ಯಾನ್‌ಹಟನ್ ಉದ್ದನೆಯ ದ್ವೀಪ. ಪಶ್ಚಿಮಕ್ಕೆ ಹಡ್ಸನ್ ನದಿ, ಪೂರ್ವಕ್ಕೆ ಈಸ್ಟ್ ರಿವರ್. ಎರಡೂ ದಕ್ಷಿಣದ ತುದಿಯಲ್ಲಿ ಕೂಡಿ ಅಗಲವಾದ ಕೊಲ್ಲಿಯಾಗುತ್ತವೆ. ಅದೇ ನ್ಯೂಯಾರ್ಕಿನ ಬಂದರು. ಕೊಲ್ಲಿಯಿಂದ ಇನ್ನೂ ದಕ್ಷಿಣಕ್ಕೆ ಹೋದರೆ ನ್ಯಾರೋಸ್ ಎಂಬ ಇಕ್ಕಟ್ಟಾದ ನೀರಿನ ದಾರಿ. ಅದನ್ನು ದಾಟಿದರೆ ಅಟ್ಲಾಂಟಿಕ್ ಸಾಗರ. ಹಳೆಯ ಊರು ಬೆಳೆದದ್ದು ದ್ವೀಪದ ಈ ದಕ್ಷಿಣ ತುದಿಯಲ್ಲೇ. ಅಂದರೆ ಸಾಗರದಿಂದ ಬರುವ ಹಡಗಿಗೆ ಊರು ನೇರವಾಗಿ ಎದುರಾಗುತ್ತಿತ್ತು. ವ್ಯಾಪಾರಕ್ಕೆ ಇದು ಬಹಳ ಅನುಕೂಲ. ಯುದ್ಧ ಬಂದರೆ ಮಾತ್ರ ಅಷ್ಟೇ ಅಪಾಯ.

ಆ ಅಪಾಯ ಗೊತ್ತಿದ್ದೇ ಡಚ್ಚರು 1620ರ ದಶಕದಲ್ಲಿ ಇಲ್ಲಿ ಫೋರ್ಟ್ ಆಮ್‌ಸ್ಟರ್‌ಡ್ಯಾಮ್ ಎಂಬ ಕೋಟೆ ಕಟ್ಟಿದರು. 1664ರಲ್ಲಿ ಊರು ಇಂಗ್ಲಿಷರ ಕೈಗೆ ಹೋಯಿತು. 1690ರ ದಶಕದಲ್ಲಿ ಅವರು ಕೋಟೆಯ ಆಚೆ, ದಡದ ಉದ್ದಕ್ಕೆ ಫಿರಂಗಿಗಳ ಸಾಲು ನಿಲ್ಲಿಸಿದರು. ಫಿರಂಗಿಗಳನ್ನು ಹೀಗೆ ಒಟ್ಟಾಗಿ ಇಟ್ಟ ಜಾಗವೇ ಬ್ಯಾಟರಿ. ನಮ್ಮಲ್ಲಿ ಬತ್ತೇರಿ ಅನ್ನುತ್ತೇವಲ್ಲ, ಅದೇ. ಪಾರ್ಕಿಗೆ ಹೆಸರು ಬಂದದ್ದು ಇಲ್ಲಿಂದ.

1783ರ ನವೆಂಬರ್ 25ರಂದು ಬ್ರಿಟಿಷ್ ಸೈನ್ಯ ನ್ಯೂಯಾರ್ಕ್ ಬಿಟ್ಟು ಹೋಯಿತು. 1790ರಲ್ಲಿ ಹಳೆಯ ಕೋಟೆಯನ್ನು ಕೆಡವಿದರು. ದಡ ತೆರವಾಯಿತು, ಗಾಳಿ ಚೆನ್ನಾಗಿತ್ತು, ಊರಿನವರು ಸಂಜೆ ಹೊತ್ತು ಅಲ್ಲಿ ಅಡ್ಡಾಡತೊಡಗಿದರು. ಈ ಕಥೆಯಲ್ಲಿ ಸಾಮಾನ್ಯವಾಗಿ ತಪ್ಪಿ ಹೋಗುವ ಅಂಶ ಇದು. ಕ್ಯಾಸಲ್ ಕ್ಲಿಂಟನ್ ಹುಟ್ಟುವ ಮೊದಲೇ ದಡದಲ್ಲಿ ವಿಹಾರ ಸ್ಥಳ ಇತ್ತು. ಕೋಟೆ ಬಂದದ್ದು ಅದರ ಎದುರಿನ ನೀರಿನಲ್ಲಿ. ಮುಂದೆ ಪಾರ್ಕ್ ಬೆಳೆದು ಬೆಳೆದು ಕೋಟೆಯನ್ನು ತನ್ನೊಳಗೆ ಸೇರಿಸಿಕೊಂಡಿತು.

1807ರ ಹೆದರಿಕೆ

19ನೇ ಶತಮಾನದ ಶುರುವಿನಲ್ಲಿ ಬ್ರಿಟನ್ನಿಗೂ ನೆಪೋಲಿಯನ್ನನ ಫ್ರಾನ್ಸಿಗೂ ಯುದ್ಧ ನಡೆಯುತ್ತಿತ್ತು. ಬ್ರಿಟಿಷ್ ನೌಕಾಪಡೆಗೆ ನಾವಿಕರು ಸಾಲುತ್ತಿರಲಿಲ್ಲ. ಹಾಗಾಗಿ ಅವರು ಅಮೆರಿಕದ ಹಡಗುಗಳನ್ನು ನಡುನೀರಿನಲ್ಲಿ ತಡೆದು, ನಮ್ಮ ಪಡೆ ಬಿಟ್ಟು ಓಡಿ ಬಂದವರು ಇದರಲ್ಲಿದ್ದಾರೆ ಎಂದು ಹೇಳಿ ನಾವಿಕರನ್ನು ಎಳೆದೊಯ್ಯುತ್ತಿದ್ದರು. 1806ರಲ್ಲಿ ನ್ಯೂಯಾರ್ಕ್ ಬಂದರಿನ ಹೊರಗೇ ಬ್ರಿಟಿಷ್ ಯುದ್ಧನೌಕೆ ಲಿಯಾಂಡರ್ ಹಾರಿಸಿದ ಗುಂಡಿಗೆ ಒಬ್ಬ ಅಮೆರಿಕನ್ ನಾವಿಕ ಸತ್ತ. 1807ರ ಜೂನ್‌ನಲ್ಲಿ ವರ್ಜೀನಿಯಾ ತೀರದಾಚೆ ಲೆಪರ್ಡ್ ಎಂಬ ಬ್ರಿಟಿಷ್ ನೌಕೆ ಅಮೆರಿಕದ ಯುದ್ಧನೌಕೆ ಚೆಸಪೀಕ್ ಮೇಲೆಯೇ ದಾಳಿ ಮಾಡಿತು.

ಯುದ್ಧ ಇನ್ನು ದೂರವಿಲ್ಲ ಎಂದು ನ್ಯೂಯಾರ್ಕಿನವರಿಗೆ ಅನಿಸಿತು. ಬಂದರಿನಲ್ಲಿ ಕೋಟೆಗಳ ಒಂದು ಗುಂಪನ್ನೇ ಕಟ್ಟುವುದೆಂದು ತೀರ್ಮಾನವಾಯಿತು. ಸೈನ್ಯದ ಮುಖ್ಯ ಎಂಜಿನಿಯರ್ ಜೊನಾಥನ್ ವಿಲಿಯಮ್ಸ್ ಇದರ ರೂವಾರಿ. ಮ್ಯಾನ್‌ಹಟನ್ ತುದಿಯಲ್ಲಿ ಒಂದು, ಎದುರಿನ ಗವರ್ನರ್ಸ್ ದ್ವೀಪದಲ್ಲಿ ಕ್ಯಾಸಲ್ ವಿಲಿಯಮ್ಸ್, ಬೆಡ್ಲೋ ದ್ವೀಪದಲ್ಲಿ ನಕ್ಷತ್ರದ ಆಕಾರದ ಇನ್ನೊಂದು, ಎಲ್ಲಿಸ್ ದ್ವೀಪದಲ್ಲಿ ಮತ್ತೊಂದು. ಬೆಡ್ಲೋ ದ್ವೀಪದ ಆ ನಕ್ಷತ್ರ ಕೋಟೆಯನ್ನು ಪ್ರವಾಸಕ್ಕೆ ಹೋದವರೆಲ್ಲ ನೋಡಿಯೇ ಇರುತ್ತಾರೆ. 1886ರಲ್ಲಿ ಲಿಬರ್ಟಿ ಪ್ರತಿಮೆಯನ್ನು ನಿಲ್ಲಿಸಿದ್ದು ಅದರ ಗೋಡೆಗಳ ನಡುವೆಯೇ. ಪೀಠದ ಕೆಳಗೆ ಚೂಪು ಚೂಪಾಗಿ ಕಾಣುವ ಗೋಡೆ ಆ ಕೋಟೆಯದ್ದು.

ಇಷ್ಟೊಂದು ಕೋಟೆ ಏಕೆ? ಆಗಿನ ಫಿರಂಗಿಯ ಗುರಿ ಅಷ್ಟು ನಿಖರವಾಗಿರಲಿಲ್ಲ. ಓಡುತ್ತಿರುವ ಹಡಗಿಗೆ ಒಂದೇ ಕಡೆಯಿಂದ ಹೊಡೆದರೆ ತಾಗುವ ಭರವಸೆ ಇಲ್ಲ. ಎರಡು ಮೂರು ದಿಕ್ಕಿನಿಂದ ಒಟ್ಟಿಗೆ ಗುಂಡು ಬಿದ್ದರೆ ಹಡಗಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಮ್ಯಾನ್‌ಹಟನ್ ತುದಿಯ ಕೋಟೆ ಮತ್ತು ಗವರ್ನರ್ಸ್ ದ್ವೀಪದ ಕೋಟೆ ಎದುರುಬದುರು ನಿಂತು ನಡುವಿನ ನೀರನ್ನು ಕಾಯಬೇಕು ಎಂಬುದು ಲೆಕ್ಕಾಚಾರ.

ಗೋಡೆ, ಕಿಂಡಿ, ಬಾಗಿಲು

ಮ್ಯಾನ್‌ಹಟನ್ ಕೋಟೆಯ ಕೆಲಸ 1808ರಿಂದ 1811ರವರೆಗೆ ನಡೆಯಿತು. ಕಟ್ಟಡದ ಹೊಣೆ ಜಾನ್ ಮೆಕೋಂಬ್ ಜೂನಿಯರ್ ಅವರದು. ನ್ಯೂಯಾರ್ಕಿನ ಸಿಟಿ ಹಾಲ್ ವಿನ್ಯಾಸದಲ್ಲೂ ಅವರ ಕೈ ಇದೆ. ಜಾಗ ದಡದಿಂದ ಕೆಲವು ನೂರು ಅಡಿ ದೂರದ ನೀರಿನಲ್ಲಿತ್ತು. ಬಂಡೆಗಳ ಮೇಲೆ ಕಲ್ಲು ತುಂಬಿ ಅಡಿಪಾಯ ಮಾಡಿಕೊಂಡರು. ದಡಕ್ಕೂ ಕೋಟೆಗೂ ನಡುವೆ ಮರದ ಸೇತುವೆ. ಅದರ ಒಂದು ಭಾಗವನ್ನು ಬೇಕೆಂದಾಗ ಮೇಲಕ್ಕೆ ಎತ್ತಬಹುದಿತ್ತು.

ಗೋಡೆ ಕೆಂಪು ಮರಳುಗಲ್ಲಿನದು, ದಪ್ಪ ಸುಮಾರು 8 ಅಡಿ. ಒಳಭಾಗದಲ್ಲಿ ಕಮಾನಿನ ಚಾವಣಿಯ ಕೋಣೆಗಳ ಸಾಲು. ಪ್ರತಿ ಕೋಣೆಯಲ್ಲೂ ಒಂದು ಫಿರಂಗಿ, ಅದರ ಮುಂದೆ ಗೋಡೆಯಲ್ಲಿ ಒಂದು ಕಿಂಡಿ. ಫಿರಂಗಿಯವರಿಗೆ ತಲೆಯ ಮೇಲೂ ರಕ್ಷಣೆ, ಮುಂದೆಯೂ ರಕ್ಷಣೆ. ಒಟ್ಟು 28 ಫಿರಂಗಿಗಳು. ಒಂದೊಂದೂ 32 ಪೌಂಡ್, ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋ ತೂಕದ ಕಬ್ಬಿಣದ ಗುಂಡು ಹಾರಿಸುವಂಥದ್ದು.

ಗೋಡೆ ದುಂಡಗಿರುವುದಕ್ಕೂ ಕಾರಣವಿದೆ. ಚೌಕಾಕಾರದ ಕೋಟೆಯ ಫಿರಂಗಿಗಳು ನಾಲ್ಕು ದಿಕ್ಕಿಗೆ ಮುಖ ಮಾಡುತ್ತವೆ. ಮೂಲೆಗಳ ಎದುರಿನ ನೀರಿಗೆ ಗುರಿ ಇಡುವುದು ಕಷ್ಟ. ಬಾಗಿದ ಗೋಡೆಯಲ್ಲಾದರೆ ಪ್ರತಿ ಕಿಂಡಿಯೂ ಪಕ್ಕದ ಕಿಂಡಿಗಿಂತ ಸ್ವಲ್ಪ ಬೇರೆ ದಿಕ್ಕಿಗೆ ನೋಡುತ್ತದೆ. ಹಡಗು ಒಂದರ ಗುರಿ ದಾಟಿದರೆ ಮುಂದಿನದರ ಎದುರಿಗೆ ಬರುತ್ತದೆ. ಕಿಂಡಿಗಳೆಲ್ಲ ನೀರಿನ ಕಡೆಗೆ. ಊರಿನ ಕಡೆಗೆ ಬಾಗಿಲು, ಅಕ್ಕಪಕ್ಕ ಅಧಿಕಾರಿಗಳ ಕೋಣೆ, ಸಿಡಿಮದ್ದಿನ ಕೋಣೆ. ನಡುವೆ ಆಕಾಶಕ್ಕೆ ತೆರೆದ ಬಯಲು.

1812ರಲ್ಲಿ ಹೆದರಿದಂತೆಯೇ ಯುದ್ಧ ಶುರುವಾಯಿತು. ಬ್ರಿಟಿಷರು 1814ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿಗೆ ನುಗ್ಗಿ ಅಧ್ಯಕ್ಷರ ಭವನಕ್ಕೆ ಬೆಂಕಿ ಇಟ್ಟರು, ಮರುತಿಂಗಳು ಬಾಲ್ಟಿಮೋರ್ ಮೇಲೆ ದಾಳಿ ಮಾಡಿದರು. ನ್ಯೂಯಾರ್ಕ್ ಬಂದರಿನ ಒಳಕ್ಕೆ ಮಾತ್ರ ಬರಲಿಲ್ಲ. ಈ ಕೋಟೆ ಯುದ್ಧದಲ್ಲಿ ಶತ್ರುವಿನ ಮೇಲೆ ಒಂದು ಗುಂಡೂ ಹಾರಿಸಲಿಲ್ಲ. ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್ ಮೇಯರ್ ಆಗಿದ್ದ ಡಿವಿಟ್ ಕ್ಲಿಂಟನ್ ಅವರ ಹೆಸರನ್ನು ಕೋಟೆಗೆ ಇಟ್ಟರು.

ಸೈನ್ಯ ಇಷ್ಟು ಬೇಗ ಬಿಟ್ಟು ಹೋದದ್ದೇಕೆ?

ಕಟ್ಟಿ ಹತ್ತೇ ವರ್ಷಕ್ಕೆ, 1821ರಲ್ಲಿ, ಸೈನ್ಯ ಇಲ್ಲಿಂದ ಎದ್ದು ಹೋಯಿತು. ಕಾರಣ ಸರಳ. ಶತ್ರುವಿನ ಹಡಗು ಈ ಕೋಟೆಯ ಫಿರಂಗಿಗೆ ಸಿಗುವಷ್ಟು ಹತ್ತಿರ ಬಂದರೆ, ಊರೂ ಆ ಹಡಗಿನ ಫಿರಂಗಿಗೆ ಸಿಗುತ್ತದೆ. ಹಾಗಾಗಿ ಹಡಗನ್ನು ಬಂದರಿನ ಬಾಯಲ್ಲೇ, ಅಂದರೆ ನ್ಯಾರೋಸ್‌ನಲ್ಲೇ ತಡೆಯಬೇಕು ಎಂಬ ವಿಚಾರ ಗಟ್ಟಿಯಾಯಿತು. ಹೊಸ ಕೋಟೆಗಳು ಅಲ್ಲಿ ಎದ್ದವು. ಇದು ಬೇಡವಾಯಿತು. 1823ರಲ್ಲಿ ಕೇಂದ್ರ ಸರ್ಕಾರ ಕೋಟೆಯನ್ನು ನ್ಯೂಯಾರ್ಕ್ ನಗರಕ್ಕೆ ಬಿಟ್ಟುಕೊಟ್ಟಿತು.

ಹಾಡು, ಪಟಾಕಿ, ತಂತಿ

ನಗರ ಅದನ್ನು ಮನರಂಜನೆಗೆ ಬಾಡಿಗೆಗೆ ಕೊಟ್ಟಿತು. 1824ರ ಜುಲೈ 3ರಂದು ಕ್ಯಾಸಲ್ ಗಾರ್ಡನ್ ಎಂಬ ಹೊಸ ಹೆಸರಿನಲ್ಲಿ ಬಾಗಿಲು ತೆರೆಯಿತು. ದುಂಡನೆಯ ಬಯಲು ಸಭಾಂಗಣವಾಯಿತು, ಗೋಡೆಯ ಮೇಲ್ಭಾಗ ಸಮುದ್ರ ನೋಡುತ್ತ ನಡೆಯುವ ದಾರಿಯಾಯಿತು. ಸಂಗೀತ, ಪಟಾಕಿ, ಬಲೂನ್ ಹಾರಿಸುವುದು ಎಲ್ಲವೂ ಇಲ್ಲಿ. ಅದೇ ಆಗಸ್ಟ್‌ನಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದ ಫ್ರೆಂಚ್ ಸೇನಾನಿ ಲಾಫಯೆಟ್ ಹಡಗಿನಿಂದ ಬಂದಿಳಿದಾಗ ಸ್ವಾಗತ ನಡೆದದ್ದೂ ಇಲ್ಲೇ.

1842ರಲ್ಲಿ ಸ್ಯಾಮುಯೆಲ್ ಮೋರ್ಸ್ ಇಲ್ಲಿಂದ ಗವರ್ನರ್ಸ್ ದ್ವೀಪಕ್ಕೆ ನೀರಿನಡಿ ತಂತಿ ಹಾಯಿಸಿ ಟೆಲಿಗ್ರಾಫ್ ಪ್ರಯೋಗ ಮಾಡಿದರು. ಒಂದು ಹಡಗಿನ ಲಂಗರು ಆ ತಂತಿಗೆ ಸಿಕ್ಕಿ ಕಿತ್ತುಕೊಂಡು ಬಂತು. ಪ್ರಯೋಗ ನಿಂತು ಹೋಯಿತು. ವಾಷಿಂಗ್ಟನ್ನಿನಿಂದ ಬಾಲ್ಟಿಮೋರ್‌ಗೆ ಹೋದ ಅವರ ಹೆಸರಾಂತ ಸಂದೇಶ ಇದಾಗಿ ಎರಡು ವರ್ಷದ ಮೇಲಿನದು.

1840ರ ದಶಕದಲ್ಲಿ ಬಯಲಿಗೆ ಚಾವಣಿ ಬಂತು. ಸಾವಿರಾರು ಜನ ಕೂರುವ ರಂಗಮಂದಿರವಾಯಿತು. 1850ರ ಸೆಪ್ಟೆಂಬರ್ 11ರಂದು ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಅಮೆರಿಕದಲ್ಲಿ ಮೊದಲ ಸಲ ಹಾಡಿದ್ದು ಈ ವೇದಿಕೆಯಲ್ಲಿ. ಕಾರ್ಯಕ್ರಮ ಏರ್ಪಡಿಸಿದವರು ಆ ಕಾಲದ ಹೆಸರಾಂತ ಪ್ರದರ್ಶನ ಸಂಘಟಕ ಪಿ. ಟಿ. ಬಾರ್ನಮ್.

ವೀಸಾ ಇಲ್ಲದ ಕಾಲದ ಹೆಬ್ಬಾಗಿಲು

ನನ್ನ ಮಟ್ಟಿಗೆ ಈ ಕಟ್ಟಡದ ಬಾಳಿನಲ್ಲಿ ಅತಿ ಮುಖ್ಯವಾದ ಭಾಗ ಇದು. ಜನರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

1840ರ ದಶಕದ ಕೊನೆಯಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಬರ ಬಿತ್ತು. ಜರ್ಮನಿಯಲ್ಲಿ ಬಡತನ, ರಾಜಕೀಯ ಗಲಭೆ. ಹಡಗುಗಟ್ಟಲೆ ಜನ ನ್ಯೂಯಾರ್ಕಿಗೆ ಬರತೊಡಗಿದರು. ಆಗ ವೀಸಾ ಎಂಬುದು ಇರಲಿಲ್ಲ. ಹಡಗಿನ ಟಿಕೆಟ್ ಕೊಂಡರೆ ಬಂದು ಇಳಿಯಬಹುದಿತ್ತು.

ತೊಂದರೆ ಶುರುವಾಗುತ್ತಿದ್ದುದು ಇಳಿದ ಮೇಲೆ. ಹಡಗು ಕಟ್ಟೆಗೆ ಬಂದ ಕೂಡಲೇ ದಲ್ಲಾಳಿಗಳು ಮುತ್ತಿಕೊಳ್ಳುತ್ತಿದ್ದರು. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಾಲಿಟ್ಟ ತಕ್ಷಣ ಚೀಲಕ್ಕೆ ಕೈ ಹಾಕಿ, ಬನ್ನಿ ಸಾರ್ ಒಳ್ಳೆ ಲಾಡ್ಜ್ ಇದೆ ಎಂದು ಎಳೆಯುವವರನ್ನು ಕಂಡವರಿಗೆ ಆ ನೋಟ ಅರ್ಥವಾಗುತ್ತದೆ. ಈ ದಲ್ಲಾಳಿಗಳು ವಲಸಿಗರ ಭಾಷೆಯಲ್ಲೇ ಮಾತನಾಡಿ ನಂಬಿಸುತ್ತಿದ್ದರು. ಕೆಟ್ಟ ವಸತಿಗೆ ಕರೆದೊಯ್ದು ದುಬಾರಿ ಬಿಲ್ ಮಾಡಿಸುತ್ತಿದ್ದರು, ಕೊಡಲು ಆಗದಿದ್ದರೆ ಸಾಮಾನು ಹಿಡಿದಿಟ್ಟುಕೊಳ್ಳುತ್ತಿದ್ದರು. ಸುಳ್ಳು ರೈಲು ಟಿಕೆಟ್ ಮಾರುತ್ತಿದ್ದರು. ಊರು ಕಾಣದ ಕುಟುಂಬ ಮೊದಲ ದಿನವೇ ಕೈಯಲ್ಲಿದ್ದ ಹಣ ಕಳೆದುಕೊಂಡು ಬೀದಿಗೆ ಬೀಳುತ್ತಿತ್ತು.

ನ್ಯೂಯಾರ್ಕ್ ರಾಜ್ಯ 1847ರಲ್ಲಿ ವಲಸಿಗರ ಹಿತ ಕಾಯಲು ಒಂದು ಮಂಡಳಿ ಮಾಡಿತು. ಮಂಡಳಿಗೆ ಬೇಕಾಗಿದ್ದುದು ಒಂದೇ. ವಲಸಿಗರು ಹಡಗಿನಿಂದ ನೇರವಾಗಿ ಬಂದು ಇಳಿಯುವ, ದಲ್ಲಾಳಿಗಳು ಕಾಲಿಡಲಾಗದ ಜಾಗ. ಒಂದು ಕಡೆ ನೀರು, ಸುತ್ತ ದಪ್ಪ ಗೋಡೆ, ಊರಿನ ಕಡೆಗೆ ಒಂದೇ ಬಾಗಿಲು, ಒಳಗೆ ಸಾವಿರಾರು ಜನ ಹಿಡಿಸುವ ಸಭಾಂಗಣ. ಕ್ಯಾಸಲ್ ಗಾರ್ಡನ್ ಅದಕ್ಕೆಂದೇ ಕಟ್ಟಿದಂತಿತ್ತು. ಸುತ್ತಮುತ್ತಲಿನ ಅನುಕೂಲಸ್ಥರು ವಿರೋಧಿಸಿದರು. ಆದರೂ 1855ರ ಆಗಸ್ಟ್‌ನಲ್ಲಿ ಕೇಂದ್ರ ತೆರೆಯಿತು.

ಒಳಗೆ ನಡೆಯುತ್ತಿದ್ದುದು ಹೀಗೆ. ಸಾಗರದಿಂದ ಬಂದ ಹಡಗನ್ನು ಮೊದಲು ಸ್ಟಾಟನ್ ದ್ವೀಪದ ಹತ್ತಿರ ನಿಲ್ಲಿಸಿ ಅಂಟುರೋಗ ಇದೆಯೇ ಎಂದು ನೋಡುತ್ತಿದ್ದರು. ಆಮೇಲೆ ಜನರನ್ನೂ ಸಾಮಾನನ್ನೂ ಸಣ್ಣ ದೋಣಿಗಳಲ್ಲಿ ಕ್ಯಾಸಲ್ ಗಾರ್ಡನ್ ಕಟ್ಟೆಗೆ ತರುತ್ತಿದ್ದರು. ಅಲ್ಲಿ ವೈದ್ಯರು ಇನ್ನೊಮ್ಮೆ ನೋಡುತ್ತಿದ್ದರು. ಕಾಯಿಲೆಯವರನ್ನು ವಾರ್ಡ್ಸ್ ದ್ವೀಪದ ಆಸ್ಪತ್ರೆಗೆ ಕಳಿಸುತ್ತಿದ್ದರು. ಉಳಿದವರು ದುಂಡನೆಯ ಸಭಾಂಗಣಕ್ಕೆ ಬಂದು ಗುಮಾಸ್ತರ ಮುಂದೆ ನಿಂತು ಹೆಸರು, ದೇಶ, ಹೋಗಬೇಕಾದ ಊರು ಬರೆಸಬೇಕು. ಸಾಮಾನಿಗೆ ಲೋಹದ ಬಿಲ್ಲೆ ಕಟ್ಟಿ, ಅದರ ಜೋಡಿಯನ್ನು ಕೈಗೆ ಕೊಡುತ್ತಿದ್ದರು. ಹಣ ಬದಲಿಸುವವರು ಅಲ್ಲೇ ಕೂರುತ್ತಿದ್ದರು. ರೈಲು ಟಿಕೆಟ್ ನಿಜವಾದ ದರಕ್ಕೆ ಸಿಗುತ್ತಿತ್ತು. ಓದು ಬರಹ ಬಾರದವರಿಗೆ ಊರಿಗೆ ಕಾಗದ ಬರೆದುಕೊಡಲು ಜನರಿದ್ದರು. ಬಾಗಿಲಾಚೆ ಕಾದು ನಿಂತ ಬಂಧುಗಳಿದ್ದರೆ ಒಳಗೆ ಹೆಸರು ಕೂಗುತ್ತಿದ್ದರು. ಕೆಲಸ ಹುಡುಕಿ ಕೊಡುವ ವಿಭಾಗವೂ ಇತ್ತು.

ಎಲ್ಲವೂ ಚೆನ್ನಾಗಿತ್ತು ಅಂತ ಅಲ್ಲ. ರಾತ್ರಿ ಉಳಿಯಬೇಕಾದವರು ಬೆಂಚಿನ ಮೇಲೋ ನೆಲದ ಮೇಲೋ ಮಲಗಬೇಕಿತ್ತು. ನೂಕುನುಗ್ಗಲು, ಗದ್ದಲ, ನೈರ್ಮಲ್ಯದ ಕೊರತೆ. 1876ರ ಜುಲೈನಲ್ಲಿ ದೊಡ್ಡ ಬೆಂಕಿ ಬಿದ್ದು ಒಳಗಿನ ಕಟ್ಟಡಗಳು ಸುಟ್ಟವು. ಕಲ್ಲಿನ ಗೋಡೆ ಉಳಿಯಿತು, ಒಳಗೆ ಮತ್ತೆ ಕಟ್ಟಿದರು. ಕೊನೆಯ ವರ್ಷಗಳಲ್ಲಿ ಆಡಳಿತದ ಬಗ್ಗೆ ದೂರುಗಳೂ ಜಾಸ್ತಿಯಾದವು. ಆದರೂ ಒಂದು ಸರ್ಕಾರ ಬಂದಿಳಿದ ಬಡವರನ್ನು ಮೋಸದಿಂದ ಕಾಪಾಡಲೆಂದೇ ಇಷ್ಟು ದೊಡ್ಡ ಏರ್ಪಾಡು ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

1890ರ ಏಪ್ರಿಲ್ 18ಕ್ಕೆ ಕೇಂದ್ರ ಮುಚ್ಚಿತು. ಅಷ್ಟರಲ್ಲಿ ಈ ಬಾಗಿಲಿನಿಂದ ಸುಮಾರು 80 ಲಕ್ಷ ಜನ ಅಮೆರಿಕದ ಒಳಗೆ ಹೋಗಿದ್ದರು. 1884ರಲ್ಲಿ ಬಂದ ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಅವರಲ್ಲೊಬ್ಬರು.

ಮುಚ್ಚಿದ್ದೇಕೆ? ಈ ಕೇಂದ್ರ ನಡೆಸುತ್ತಿದ್ದುದು ನ್ಯೂಯಾರ್ಕ್ ರಾಜ್ಯ. ಖರ್ಚಿಗೆ ಹಣ ಬರುತ್ತಿದ್ದುದು ಪ್ರಯಾಣಿಕರ ತಲೆಗಿಷ್ಟು ಎಂದು ಹಡಗಿನವರಿಂದ ತೆಗೆದುಕೊಳ್ಳುವ ಶುಲ್ಕದಿಂದ. ಹೊರದೇಶದಿಂದ ಬರುವವರ ಮೇಲೆ ರಾಜ್ಯಗಳು ಹೀಗೆ ಶುಲ್ಕ ಹಾಕುವಂತಿಲ್ಲ, ಅದು ಕೇಂದ್ರ ಸರ್ಕಾರದ ಅಧಿಕಾರ ಎಂದು 1876ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜ್ಯದ ಕೈ ಖಾಲಿಯಾಯಿತು. 1882ರಲ್ಲಿ ಕೇಂದ್ರ ಸರ್ಕಾರವೇ ಕಾನೂನು ತಂದು ತಲೆಗೆ 50 ಸೆಂಟ್ ಶುಲ್ಕ ಹಾಕಿತು. ಯಾರನ್ನು ಒಳಗೆ ಬಿಡಬಾರದು ಎಂಬ ಪಟ್ಟಿಯನ್ನೂ ಮಾಡಿತು. ಕೊನೆಗೆ ವಲಸೆಯ ಕೆಲಸವನ್ನೆಲ್ಲ ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಎಲ್ಲಿಸ್ ದ್ವೀಪದ ಕೇಂದ್ರ ತೆರೆದದ್ದು 1892ರ ಜನವರಿ 1ರಂದು.

ಇವತ್ತು ವಲಸೆ ಅಂದರೆ ಎಲ್ಲರಿಗೂ ಎಲ್ಲಿಸ್ ದ್ವೀಪವೇ ನೆನಪಾಗುತ್ತದೆ. ಮುತ್ತಜ್ಜ ಎಲ್ಲಿಸ್ ದ್ವೀಪದಲ್ಲಿ ಇಳಿದರು ಎಂದು ಹೇಳುವ ಅಮೆರಿಕನ್ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಹಿರಿಯರು ನಿಜವಾಗಿ ಕಾಲಿಟ್ಟದ್ದು ಕ್ಯಾಸಲ್ ಗಾರ್ಡನ್ನಿನಲ್ಲಿ. ಇಸವಿ ನೋಡಿದರೆ ಗೊತ್ತಾಗುತ್ತದೆ. ಅದರ ಆಡಳಿತದ ಕಡತಗಳು ಎಲ್ಲಿಸ್ ದ್ವೀಪಕ್ಕೆ ಹೋಗಿದ್ದವು. 1897ರ ಜೂನ್‌ನಲ್ಲಿ ಅಲ್ಲಿನ ಮರದ ಕಟ್ಟಡಗಳಿಗೆ ಬೆಂಕಿ ಬಿದ್ದಾಗ ಅವು ಸುಟ್ಟು ಹೋದವು. ಹಡಗಿನ ಪ್ರಯಾಣಿಕರ ಪಟ್ಟಿಗಳು ಮಾತ್ರ ಸುಂಕದ ಇಲಾಖೆಯಲ್ಲಿ ಬೇರೆಯಾಗಿ ಇದ್ದುದರಿಂದ ಉಳಿದವು. ವಂಶದ ಮೂಲ ಹುಡುಕುವವರಿಗೆ ಈಗ ಅವೇ ಆಧಾರ.

ದ್ವೀಪ ದಡಕ್ಕೆ ಸೇರಿದ್ದು

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 1850ರ ದಶಕದಿಂದ ನಗರ ದಡದ ನೀರಿಗೆ ಮಣ್ಣು, ಕಲ್ಲು ತುಂಬಿಸಿ ಪಾರ್ಕನ್ನು ಅಗಲ ಮಾಡುತ್ತ ಬಂತು. ಕ್ರಮೇಣ ಕೋಟೆಗೂ ದಡಕ್ಕೂ ನಡುವಿನ ನೀರು ಮಾಯವಾಯಿತು. ಸೇತುವೆ ಬೇಡವಾಯಿತು. ಇವತ್ತು ಹುಲ್ಲುಹಾಸು, ಮರಗಳ ನಡುವೆ ನಿಂತ ಕೋಟೆಯನ್ನು ನೋಡಿದರೆ ಅದು ಒಂದು ಕಾಲಕ್ಕೆ ನೀರಿನಲ್ಲಿತ್ತು ಎಂದು ನಂಬುವುದೇ ಕಷ್ಟ, ಅಲ್ವಾ?

ಮೀನುಗಳ ಕೋಟೆ

1896ರ ಡಿಸೆಂಬರ್ 10ರಂದು ಅದೇ ಗೋಡೆಗಳ ಒಳಗೆ ನ್ಯೂಯಾರ್ಕ್ ಅಕ್ವೇರಿಯಂ ಶುರುವಾಯಿತು. ದುಂಡನೆಯ ಸಭಾಂಗಣದ ನೆಲದಲ್ಲಿ ದೊಡ್ಡ ಕೊಳಗಳು, ಸುತ್ತ ಗೋಡೆಗೆ ಗಾಜಿನ ತೊಟ್ಟಿಗಳು. ಒಂದು ಸುತ್ತು ಹಾಕಿದರೆ ಎಲ್ಲ ನೋಡಿ ಮುಗಿಯುತ್ತಿತ್ತು. ಕಡಲಸಿಂಹಗಳಿದ್ದವು, ಬಿಳಿ ಬೆಲೂಗಾ ತಿಮಿಂಗಿಲಗಳನ್ನೂ ತಂದಿದ್ದರು. ಪ್ರವೇಶ ಉಚಿತ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ಕುಟುಂಬಗಳಿಗೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಕೆಡವಬೇಕೋ ಬೇಡವೋ

ಆಮೇಲೆ ಬಂದವರು ರಾಬರ್ಟ್ ಮೋಸೆಸ್. ನ್ಯೂಯಾರ್ಕಿನ ಪಾರ್ಕುಗಳ ಆಯುಕ್ತರು. ಸೇತುವೆ, ಹೆದ್ದಾರಿ, ಪಾರ್ಕುಗಳನ್ನು ಕಟ್ಟಿಸುವುದರಲ್ಲಿ ಆ ಕಾಲದಲ್ಲಿ ಅವರಷ್ಟು ಅಧಿಕಾರ ಚಲಾಯಿಸಿದವರು ನಗರದಲ್ಲಿ ಇನ್ನೊಬ್ಬರಿರಲಿಲ್ಲ.

1939ರಲ್ಲಿ ಅವರು ಬ್ಯಾಟರಿಯಿಂದ ಈಸ್ಟ್ ರಿವರ್ ಆಚೆಯ ಬ್ರೂಕ್ಲಿನ್‌ಗೆ ದೊಡ್ಡ ತೂಗುಸೇತುವೆ ಕಟ್ಟುವ ಯೋಜನೆ ಮುಂದಿಟ್ಟರು. ಸೇತುವೆಗೆ ಏರುವ ರಸ್ತೆಗಳು ಪಾರ್ಕಿನ ಮೇಲೆಯೇ ಹಾಯಬೇಕಿತ್ತು. ಊರಿನವರು ಗಟ್ಟಿಯಾಗಿ ವಿರೋಧಿಸಿದರು. ತಡೆದದ್ದು ಮಾತ್ರ ಯುದ್ಧ ಇಲಾಖೆ. ಯುದ್ಧದ ಹೊತ್ತಿನಲ್ಲಿ ಸೇತುವೆ ಮೇಲೆ ಬಾಂಬ್ ಬಿದ್ದು ಕುಸಿದರೆ ಬ್ರೂಕ್ಲಿನ್ ನೌಕಾನೆಲೆಗೆ ಹೋಗುವ ದಾರಿ ಮುಚ್ಚುತ್ತದೆ ಎಂದು ಅದು ಅನುಮತಿ ಕೊಡಲಿಲ್ಲ. ಸಮುದ್ರಕ್ಕೂ ನೌಕಾನೆಲೆಗೂ ನಡುವೆ ಅದಾಗಲೇ ಎರಡು ಸೇತುವೆಗಳಿದ್ದವು. ಹಾಗಾಗಿ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಮೋಸೆಸ್ ಮೇಲಿದ್ದ ಅಸಮಾಧಾನವೇ ನಿಜವಾದ ಕಾರಣ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಸೇತುವೆಯ ಬದಲು ನದಿಯಡಿ ಸುರಂಗ ತೋಡುವುದೆಂದಾಯಿತು.

1941ರಲ್ಲಿ ಮೋಸೆಸ್ ಅಕ್ವೇರಿಯಂ ಮುಚ್ಚಿಸಿದರು. ಸುರಂಗದ ಕೆಲಸದಿಂದ ಹಳೆಯ ಕಟ್ಟಡದ ಅಡಿಪಾಯಕ್ಕೆ ಅಪಾಯ ಎಂಬುದು ಅವರು ಕೊಟ್ಟ ಕಾರಣ. ಮೀನುಗಳನ್ನು ಬೇರೆ ಕಡೆಗೆ ಸಾಗಿಸಿದರು. ಹೊಸ ಅಕ್ವೇರಿಯಂ ಕೋನಿ ಐಲೆಂಡ್‌ನಲ್ಲಿ ತೆರೆದದ್ದು 1957ರಲ್ಲಿ. ನಡುವಿನ 16 ವರ್ಷ ಒಂದಷ್ಟು ಮೀನುಗಳು ಬ್ರಾಂಕ್ಸ್ ಮೃಗಾಲಯದಲ್ಲಿದ್ದವು.

ಇಷ್ಟಕ್ಕೇ ನಿಲ್ಲಿಸದೆ ಕೋಟೆಯನ್ನೂ ನೆಲಸಮ ಮಾಡುವುದಾಗಿ ಮೋಸೆಸ್ ಹೊರಟರು. ಅವರ ವಾದವೂ ಪೂರ್ತಿ ಅರ್ಥವಿಲ್ಲದ್ದಲ್ಲ. ಯುದ್ಧ ಕಾಣದ ಕೋಟೆ, ಎಷ್ಟೋ ಸಲ ಬದಲಾಯಿಸಿದ ಕಟ್ಟಡ, ತೆಗೆದರೆ ಪಾರ್ಕಿನಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ. ವಿರೋಧಿಸಿದವರ ಮುಂದಾಳು ಜಾರ್ಜ್ ಮೆಕನೆನಿ. 80 ಲಕ್ಷ ಜನ ಹಾದು ಬಂದ ಗೋಡೆಗೆ ಯುದ್ಧದ ಗೌರವ ಏಕೆ ಬೇಕು? ಆಗ ಹಳೆಯ ಕಟ್ಟಡಗಳನ್ನು ಕಾಪಾಡಲು ನ್ಯೂಯಾರ್ಕ್ ನಗರಕ್ಕೆ ಪ್ರತ್ಯೇಕ ಕಾನೂನು ಇರಲಿಲ್ಲ. ಅದು ಬಂದದ್ದು 1965ರಲ್ಲಿ. ಹಾಗಾಗಿ ಹೋರಾಟಗಾರರು ಕೋರ್ಟಿಗೂ ವಾಷಿಂಗ್ಟನ್ನಿಗೂ ಅಲೆದರು.

ಅಕ್ವೇರಿಯಂಗೆಂದು ಸೇರಿಸಿದ್ದ ಭಾಗಗಳನ್ನೆಲ್ಲ ಕೆಡವಿ ಹಾಕಿದರು. ಉಳಿದದ್ದು 1811ರ ಕಲ್ಲಿನ ಗೋಡೆ ಮಾತ್ರ. 1946ರ ಆಗಸ್ಟ್ 12ರಂದು ಅಮೆರಿಕದ ಸಂಸತ್ತಿನ ಕಾಯ್ದೆ ಕ್ಯಾಸಲ್ ಕ್ಲಿಂಟನ್ನನ್ನು ರಾಷ್ಟ್ರೀಯ ಸ್ಮಾರಕ ಮಾಡಲು ದಾರಿ ತೆರೆಯಿತು. ರಾಷ್ಟ್ರೀಯ ಸ್ಮಾರಕ ಅಂದರೆ ಕೇಂದ್ರದ ಒಡೆತನಕ್ಕೆ ಬಂದು, ಕಾನೂನಿನ ರಕ್ಷಣೆ ಪಡೆದು, ರಾಷ್ಟ್ರೀಯ ಉದ್ಯಾನ ಸೇವೆ ನೋಡಿಕೊಳ್ಳುವ ಜಾಗ. ಆದರೆ ಜಾಗ ಇದ್ದದ್ದು ನಗರದ ಕೈಯಲ್ಲಿ, ಅದು ಬಿಟ್ಟುಕೊಡಬೇಕಲ್ಲ? ಎಳೆದಾಟ ಇನ್ನೂ ನಾಲ್ಕು ವರ್ಷ ನಡೆದು, 1950ರಲ್ಲಿ ಕೋಟೆ ಕೇಂದ್ರದ ವಶವಾಯಿತು. ಅದೇ ವರ್ಷ ಸುರಂಗವೂ ತೆರೆಯಿತು. ಗೋಡೆಗೆ ಏನೂ ಆಗಿರಲಿಲ್ಲ. ದುರಸ್ತಿಗೆ ಹಣ ಸಿಗುವುದು ಮತ್ತೆ ತಡವಾಯಿತು. ಜನರಿಗೆ ಬಾಗಿಲು ತೆರೆದದ್ದು 1975ರಲ್ಲಿ.

ಈಗಿನ ಪಾರ್ಕ್

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕೋಟೆ ಕೇಂದ್ರ ಸರ್ಕಾರದ್ದು, ಸುತ್ತಲ ಪಾರ್ಕ್ ನ್ಯೂಯಾರ್ಕ್ ನಗರದ್ದು. ಪಾರ್ಕಿನ ಅಂದಚಂದ ನೋಡಿಕೊಳ್ಳಲು ನಗರದ ಜೊತೆ ಬ್ಯಾಟರಿ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ 1994ರಿಂದ ಕೆಲಸ ಮಾಡುತ್ತಿದೆ. ಹೂದೋಟಗಳಲ್ಲಿ ಕೆಲವನ್ನು ವಿನ್ಯಾಸ ಮಾಡಿದವರು ಡಚ್ ತೋಟಗಾರ ಪೀಟ್ ಔಡೋಲ್ಫ್. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ನೀರಿನಲ್ಲಿ ಕಾಣೆಯಾದ 4,600ಕ್ಕೂ ಹೆಚ್ಚು ಅಮೆರಿಕನ್ನರ ಹೆಸರು ಕೆತ್ತಿದ ಎತ್ತರದ ಕಲ್ಲುಗಳು ಕೋಟೆಯ ಹತ್ತಿರವೇ ಇವೆ. 2015ರಲ್ಲಿ ಮಕ್ಕಳಿಗಾಗಿ ಸೀಗ್ಲಾಸ್ ಎಂಬ ತಿರುಗು ತೊಟ್ಟಿಲು ಬಂತು. ಅದರಲ್ಲಿ ಕುದುರೆಗಳ ಬದಲು ಹೊಳೆಯುವ ಮೀನುಗಳ ಒಳಗೆ ಕೂರಬೇಕು. ಹಳೆಯ ಅಕ್ವೇರಿಯಂನ ನೆನಪಿಗೆ ಮಾಡಿದ್ದು.

2005ರಲ್ಲಿ ಪಾರ್ಕಿನಡಿ ಸಬ್‌ವೇ ನಿಲ್ದಾಣಕ್ಕೆ ಅಗೆಯುವಾಗ ವಸಾಹತು ಕಾಲದ ಬತ್ತೇರಿಯ ಕಲ್ಲುಗೋಡೆಯ ತುಂಡುಗಳು ಸಿಕ್ಕವು. ಕ್ಯಾಸಲ್ ಕ್ಲಿಂಟನ್ನಿಗಿಂತಲೂ ಹಳೆಯವು. ಅವುಗಳಲ್ಲಿ ಒಂದನ್ನು ತಂದು ಕೋಟೆಯ ಒಳಗೇ ಇಟ್ಟರು.

ಸಮುದ್ರ ಮತ್ತೆ ಹತ್ತಿರ ಬರುತ್ತಿದೆ

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಬ್ಯಾಟರಿಯ ಬಳಿ ನೀರು ಸಾಮಾನ್ಯ ಇಳಿತದ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲೆ ಬಂತು. ಪಾರ್ಕ್ ಮುಳುಗಿತು, ಕೋಟೆಯೊಳಗೆ ನೀರು ನುಗ್ಗಿತು, ಬ್ರೂಕ್ಲಿನ್ ಸುರಂಗ ತುಂಬಿ ಹೋಯಿತು. ಲಿಬರ್ಟಿ ಪ್ರತಿಮೆ ಮತ್ತೆ ತೆರೆದದ್ದು ಮರುವರ್ಷದ ಜುಲೈ 4ಕ್ಕೆ.

ಬ್ಯಾಟರಿಯಲ್ಲಿ ಸಮುದ್ರದ ಮಟ್ಟವನ್ನು 1856ರಿಂದ ಅಳೆಯುತ್ತಿದ್ದಾರೆ. ಅಮೆರಿಕದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅದರ ಪ್ರಕಾರ ನೂರು ವರ್ಷಕ್ಕೆ ಸುಮಾರು ಒಂದು ಅಡಿಯಂತೆ ನೀರು ಏರಿದೆ. ಇದರಲ್ಲಿ ಸ್ವಲ್ಪ ಪಾಲು ಅಲ್ಲಿನ ನೆಲವೇ ನಿಧಾನಕ್ಕೆ ಕುಸಿಯುತ್ತಿರುವುದರಿಂದ, ಉಳಿದದ್ದು ಸಮುದ್ರವೇ ಉಬ್ಬುತ್ತಿರುವುದರಿಂದ. ಕೇಳಲು ಒಂದು ಅಡಿ ಅಷ್ಟೇ. ಆದರೆ ಈ ಪಾರ್ಕಿನ ಬಹುಪಾಲು 19ನೇ ಶತಮಾನದಲ್ಲಿ ಮಣ್ಣು ತುಂಬಿ ಮಾಡಿದ ತಗ್ಗು ನೆಲ. ಚಂಡಮಾರುತ ಬಂದಾಗ ಅಲೆ ಆ ಒಂದು ಅಡಿಯ ಮೇಲಿನಿಂದ ಏರಲು ಶುರು ಮಾಡುತ್ತದೆ.

ಅದಕ್ಕೇ ನಗರ ಪಾರ್ಕಿನ ನೀರಂಚಿನ ಕಟ್ಟೆಯನ್ನು ಕಿತ್ತು ಎತ್ತರಿಸಿ ಕಟ್ಟುವ ಕೆಲಸವನ್ನು 2024ರಲ್ಲಿ ಶುರು ಮಾಡಿತು. ಸುತ್ತ ಎತ್ತರದ ತಡೆಗೋಡೆ ಹಾಕಿದರೆ ನೀರು ತಡೆಯಬಹುದು, ಆದರೆ ಜನರಿಗೆ ಸಮುದ್ರವೂ ಕಾಣದಂತಾಗುತ್ತದೆ. ನಡೆದಾಡುವ ದಾರಿಯನ್ನೇ ಮೇಲಕ್ಕೆ ಏರಿಸಿದರೆ ಬಂದರಿನ ನೋಟ ಉಳಿಯುತ್ತದೆ. ಕೆಲಸವನ್ನು ಒಂದೊಂದೇ ಭಾಗವಾಗಿ ಮಾಡುತ್ತಿರುವುದರಿಂದ ಪಾರ್ಕಿನ ಕೆಲವು ಕಡೆ ಬೇಲಿ ಹಾಕಿರುತ್ತಾರೆ. ಹೋಗುವವರು ಫೆರ್ರಿ ಎಲ್ಲಿಂದ ಹೊರಡುತ್ತದೆ ಎಂದು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು. ಕೋಟೆಯ ಒಳಗೆ ಹೋಗಲು ಟಿಕೆಟ್ ಬೇಕಿಲ್ಲ. ಫೆರ್ರಿಗೆ ಸಮಯ ಇದ್ದರೆ ಗೋಡೆಯ ಒಳಸುತ್ತಿನಲ್ಲಿ ಒಂದು ಕಿಂಡಿಯ ಹತ್ತಿರ ನಿಂತು ಗೋಡೆಯ ದಪ್ಪ ನೋಡಿ, ಆಮೇಲೆ ಊರಿನ ಕಡೆಯ ಬಾಗಿಲಿಗೆ ಬನ್ನಿ. ಬಿಲ್ಲೆ ಕಟ್ಟಿದ ಪೆಟ್ಟಿಗೆ ಹೊತ್ತ ಜನ ಊರಿಗೆ ಇಳಿಯುತ್ತಿದ್ದುದು ಆ ಕಡೆಗೇ.